ಅಂಗೈಯಲ್ಲಿ ಊರು ಕಟ್ಟುವ ಕಸುಬು

ಉಡುಪಿಯಿಂದ ಕಾರ್ಕಳಕ್ಕೆ ಹೊರಟ ಖಾಸಗಿ ಬಸ್ಸು ಮಣಿಪಾಲದ ಏರು ಹತ್ತುವಷ್ಟರಲ್ಲಿ ಭರ್ತಿಯಾಗಿರುತ್ತದೆ. ಕಿಟಕಿ ಬದಿಗೆ ಕೂತ ಕಾಲೇಜು ಹುಡುಗಿಯ ಕೈಯಲ್ಲೊಂದು ಫೋನು, ಫೋನಿನೊಳಗೊಂದು ಹೋಟೆಲು. ಒಲೆಯ ಮೇಲೆ ಆವಿ ಏಳುತ್ತಿದೆ. ಮೇಜಿನ ಮುಂದೆ ಗಿರಾಕಿಯೊಬ್ಬ ಕಾಯುತ್ತಿದ್ದಾನೆ. ಅವನ ತಲೆಯ ಮೇಲೊಂದು ಬಿಳಿ ಗುಳ್ಳೆ, ಗುಳ್ಳೆಯೊಳಗೆ ಅವನಿಗೆ ಬೇಕಾದ ತಿಂಡಿಯ ಚಿತ್ರ. ಪರ್ಕಳದ ಹತ್ತಿರ ಬಸ್ಸು ವಾಲುತ್ತದೆ, ಪರದೆಯ ಮೇಲೆ ಬಿಸಿಲು ಬೀಳುತ್ತದೆ, ಕಂಡಕ್ಟರು ಚಿಲ್ಲರೆಗೆ ಕೈ ಚಾಚುತ್ತಾನೆ. ಹುಡುಗಿಯ ಹೆಬ್ಬೆರಳು ಮಾತ್ರ ತಪ್ಪುವುದಿಲ್ಲ. ಉಗುರಿನಷ್ಟಿರುವ ಚಿತ್ರಗಳ ನಡುವೆ ಯಾವುದು ಒಲೆ, ಯಾವುದು ಬರೀ ಅಲಂಕಾರ, ಯಾವ ಗಿರಾಕಿಯ ತಾಳ್ಮೆ ಮುಗಿಯುತ್ತ ಬಂದಿದೆ ಎಂಬುದೆಲ್ಲ ಅವಳಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಹಾಗೆ ತಿಳಿಯುವಂತೆ ಯಾರೋ ತಿಂಗಳುಗಟ್ಟಲೆ ಕೂತು ಬರೆದಿರುತ್ತಾರೆ, ಅಳಿಸಿರುತ್ತಾರೆ, ಮತ್ತೆ ಬರೆದಿರುತ್ತಾರೆ. ಆಡುವವರಿಗೆ ಅದು ಗೊತ್ತಾಗುವುದಿಲ್ಲ. ‘ಗೇಮ್ ಅಂದರೆ ಕೋಡಿಂಗ್ ಅಲ್ವಾ’ ಎಂದು ಕೇಳುವವರೇ ಹೆಚ್ಚು. ಕೋಡು ಬರೆಯುವವರಿಲ್ಲದೆ ಗೇಮು ಓಡುವುದಿಲ್ಲ, ನಿಜ. ಆದರೆ ಕಣ್ಣಿಗೆ ಕಾಣುವ ಬಾಣಲೆ, ಬೀದಿ, ಮರ, ಮನುಷ್ಯ, ಮಳೆ ಎಲ್ಲವೂ ಕಲಾವಿದರ ಕೈಯಿಂದಲೇ ಬರಬೇಕು. ಗೇಮಿನ ಲೋಕದಲ್ಲಿ ತಾನಾಗಿ ಬೆಳೆದ ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ.

ಈ ಕಸುಬು ದೂರದ ಕ್ಯಾಲಿಫೋರ್ನಿಯಾದಲ್ಲೋ, ತೀರಾ ಹತ್ತಿರವೆಂದರೆ ಬೆಂಗಳೂರಿನಲ್ಲೋ ನಡೆಯುವಂಥದ್ದು ಎಂದುಕೊಂಡವರು ಉಡುಪಿಯ ಸಂತೆಕಟ್ಟೆಯ ಹೆದ್ದಾರಿ ಬದಿಯನ್ನು ಸರಿಯಾಗಿ ನೋಡಿಲ್ಲ.

ಹೋಟೆಲಿನ ಊರಿಂದ ಹೋಟೆಲಿನ ಆಟ

1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ರೋಬೋಸಾಫ್ಟ್ ಟೆಕ್ನಾಲಜೀಸ್ ಆರಂಭಿಸಿದಾಗ ಮೊಬೈಲ್ ಗೇಮ್ ಎಂಬ ಉದ್ಯಮವೇ ಇರಲಿಲ್ಲ. ಕಂಪನಿ ಕೈಹಾಕಿದ್ದು ಆಪಲ್‌ನ ಮ್ಯಾಕ್ ಕಂಪ್ಯೂಟರುಗಳಿಗೆ ತಂತ್ರಾಂಶ ಬರೆಯುವ ಕೆಲಸಕ್ಕೆ. 2008ರ ಜುಲೈನಲ್ಲಿ ಆಪಲ್ ತನ್ನ ಆಪ್ ಸ್ಟೋರ್ ತೆರೆದಾಗ ಮ್ಯಾಕ್ ಬಲ್ಲವರಿಗೆ ಐಫೋನು ಹತ್ತಿರದ ದಾರಿಯಾಯಿತು. ರೋಬೋಸಾಫ್ಟಿನ ಮಡಿಲಲ್ಲೇ 99 ಗೇಮ್ಸ್ ಹುಟ್ಟಿಕೊಂಡಿತು. ವರ್ಡ್ಸ್‌ವರ್ತ್ ಎಂಬ ಪದಗಳ ಆಟ ಅದರ ಮೊದಮೊದಲ ಕೂಸು. 2013ರ ಕೊನೆಯಲ್ಲಿ ಯಶ್ ರಾಜ್ ಫಿಲ್ಮ್ಸ್‌ನ ‘ಧೂಮ್ 3’ ಸಿನಿಮಾದ ಜೊತೆಗೇ ಅದರ ಅಧಿಕೃತ ಗೇಮ್ ಬಂತು. 2014ರಲ್ಲಿ ಬಂದ, ಹೋಟೆಲ್ ನಡೆಸುವ ಆಟ ‘ಸ್ಟಾರ್ ಶೆಫ್’ ದೇಶ ದೇಶಗಳ ಫೋನುಗಳನ್ನು ಹೊಕ್ಕಿತು. 2016ರಲ್ಲಿ ಶಾರುಖ್ ಖಾನರ ‘ಫ್ಯಾನ್’, ಸಲ್ಮಾನ್ ಖಾನರ ‘ಸುಲ್ತಾನ್’ ಸಿನಿಮಾಗಳೂ ಇಲ್ಲಿಂದಲೇ ಗೇಮುಗಳಾದವು. ಮೂಲ ಕಂಪನಿ ರೋಬೋಸಾಫ್ಟನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೋ ಕೊಂಡುಕೊಂಡಿತು.

ಜಗತ್ತಿಗೆಲ್ಲ ಮಸಾಲೆದೋಸೆ ಉಣಿಸಿದ ಊರು ಜಗತ್ತಿಗೆಲ್ಲ ಹೋಟೆಲ್ ನಡೆಸುವ ಆಟ ಕೊಟ್ಟಿತು ಎಂಬುದು ಯಾರಾದರೂ ಬೇಕೆಂದೇ ಹೊಸೆದ ಕತೆಯಂತಿದೆ. ‘ಧೂಮ್ 3’ರದು ಇನ್ನೊಂದು ಸ್ವಾರಸ್ಯ. ಸಿನಿಮಾದ ಕತೆ ನಡೆಯುವುದು ಅಮೆರಿಕದ ಶಿಕಾಗೋದಲ್ಲಿ. ಆ ನಗರದ ಗಗನಚುಂಬಿಗಳು, ಅಗಲ ರಸ್ತೆಗಳು, ಪೊಲೀಸ್ ಕಾರುಗಳು ಗೇಮಿಗೆ ಬೇಕಾದ ರೂಪ ಪಡೆದದ್ದು ಕೃಷ್ಣಮಠದ ರಥಬೀದಿಯಿಂದ ಕೆಲವೇ ಕಿಲೋಮೀಟರು ಆಚೆ.

ಆ ಮೊದಲ ವರ್ಷಗಳ ಇಕ್ಕಟ್ಟನ್ನು ಈಗಿನ ಹುಡುಗರಿಗೆ ವಿವರಿಸುವುದೇ ಕಷ್ಟ. ಆಗಿನ ಐಫೋನಿನ ಪರದೆಯಲ್ಲಿದ್ದದ್ದು ಅಗಲಕ್ಕೆ 320, ಉದ್ದಕ್ಕೆ 480 ಚುಕ್ಕಿ. ಫೋನಿನ ಕೆಲಸದ ಮೆಮೊರಿ 128 ಎಂಬಿ. ಅದರಲ್ಲೂ ದೊಡ್ಡ ಪಾಲು ಫೋನಿಗೇ ಬೇಕು. ಗಿರಾಕಿಯ ಮುಖಕ್ಕೆ ಮೂವತ್ತು ಚುಕ್ಕಿ ಅಗಲದ ಜಾಗ ಸಿಕ್ಕರೆ ಪುಣ್ಯ. ಪರದೆಗಳು ದೊಡ್ಡದಾಗಿ, ಫೋನುಗಳು ಬಲವಾಗಿ ಎಷ್ಟೋ ವರ್ಷ ಆದರೂ ಆಗ ಕಲಿತ ಶಿಸ್ತು ಈ ಕಸುಬಿನಲ್ಲಿ ಉಳಿದುಕೊಂಡಿದೆ: ಏನನ್ನು ಬರೆಯಬೇಕು ಎಂಬುದಕ್ಕಿಂತ ಏನನ್ನು ಬಿಡಬೇಕು ಎಂಬುದನ್ನು ಮೊದಲು ತೀರ್ಮಾನಿಸುವುದು.

ದೂರದಿಂದಲೇ ಗುರುತು ಸಿಗಬೇಕು

ಹೊಸ ಪಾತ್ರವೊಂದನ್ನು ಬರೆದ ಕಲಾವಿದ ಮೊದಲು ಮಾಡುವ ಪರೀಕ್ಷೆ ವಿಚಿತ್ರವಾದದ್ದು. ಕಷ್ಟಪಟ್ಟು ಬರೆದ ಚಿತ್ರದ ಮೇಲೆ ಪೂರ್ತಿ ಕಪ್ಪು ಬಳಿದುಬಿಡುತ್ತಾರೆ. ಕಣ್ಣು, ಮೂಗು, ಗುಂಡಿ, ಬಣ್ಣ ಎಲ್ಲ ಹೋಗಿ ಹೊರಗೆರೆ ಮಾತ್ರ ಉಳಿಯಬೇಕು. ಆ ಕಪ್ಪು ಆಕೃತಿಯನ್ನು ನೋಡಿ ‘ಇವನು ಅಡುಗೆಯವನು, ಇವಳು ಮೀನು ಮಾರುವವಳು, ಇವನು ಕಳ್ಳ’ ಎಂದು ಹೇಳಲು ಆಗದಿದ್ದರೆ ಮತ್ತೆ ಮೊದಲಿಂದ. ಸಿಲೂಯೆಟ್ ಪರೀಕ್ಷೆ ಎಂದು ಇದಕ್ಕೆ ಸ್ಟುಡಿಯೋಗಳಲ್ಲಿ ಹೆಸರು.

ಕರಾವಳಿಯವರಿಗೆ ಇದು ಹೊಸ ವಿದ್ಯೆಯೇನಲ್ಲ. ದೊಂದಿಯ ಬೆಳಕಿನಲ್ಲಿ, ಬಯಲಿನಲ್ಲಿ, ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನಕ್ಕೂ ಇದೇ ತೊಡಕು ಎದುರಾಗಿತ್ತು. ದೂರದಲ್ಲಿ ಚಾಪೆ ಹಾಸಿ ಕೂತವನಿಗೆ ನಟನ ಹುಬ್ಬು ಕಾಣುವುದಿಲ್ಲ. ಹಾಗಾಗಿ ವೇಷವೇ ಮಾತಾಡಬೇಕು. ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಕರ್ಣಾರ್ಜುನರಂಥ ವೀರರಿಗೆ ದೊಡ್ಡ ಮುಂಡಾಸು, ಅಭಿಮನ್ಯುವಿನಂಥ ಎಳೆಯ ವೀರರಿಗೆ ಕೇದಗೆ ಮುಂದಲೆ, ರಾಜರಿಗೆ ಕಿರೀಟ. ಬಣ್ಣದ ವೇಷದ ರಕ್ಕಸನಿಗೆ ಅಕ್ಕಿಹಿಟ್ಟು ಸುಣ್ಣ ಕಲಸಿ ಇಟ್ಟ ಚಿಟ್ಟಿಯಿಂದ ಮುಖವೇ ಎರಡು ಪಟ್ಟು. ಭುಜಕೀರ್ತಿ ಹೆಗಲನ್ನು ಹಿಗ್ಗಿಸುತ್ತದೆ, ಒಳಗೆ ಸುತ್ತಿದ ಬಟ್ಟೆ ಮೈಯನ್ನು ತುಂಬಿಸುತ್ತದೆ. ರಂಗಸ್ಥಳದ ಹಿಂದೆ ದೀಪವಿಟ್ಟು ಬರೀ ನೆರಳು ತೋರಿಸಿದರೂ ಪ್ರೇಕ್ಷಕ ಪಾತ್ರದ ಜಾತಕ ಹೇಳಿಯಾನು.

ಮೊಬೈಲ್ ಪಾತ್ರಗಳೂ ಇದೇ ಉಬ್ಬುಪ್ರಮಾಣವನ್ನು ನೆಚ್ಚಿವೆ. ನಿಜವಾದ ಮನುಷ್ಯನ ಎತ್ತರ ಅವನ ತಲೆಯ ಏಳೆಂಟು ಪಟ್ಟು. ಫೋನಿನ ಗೇಮಿನ ಅಡುಗೆಯವನದು ಮೂರೋ ನಾಲ್ಕೋ ಪಟ್ಟು ಮಾತ್ರ. ತಲೆ ದೊಡ್ಡದು, ಅಂಗೈ ದೊಡ್ಡದು, ಕಾಲು ಗಿಡ್ಡ. ಸಿಟ್ಟು, ಸಂತೋಷ ತೋರಿಸುವುದು ಮುಖ; ಕೆಲಸ ತೋರಿಸುವುದು ಕೈ; ಉಳಿದದ್ದಕ್ಕೆ ಜಾಗ ಕೊಟ್ಟು ಪ್ರಯೋಜನವಿಲ್ಲ. ಈ ಲೆಕ್ಕಾಚಾರವನ್ನು ತುದಿಗೆ ಒಯ್ದದ್ದು ಫಿನ್ಲೆಂಡಿನ ರೋವಿಯೋ ಕಂಪನಿ. 2009ರಲ್ಲಿ ಬಂದ ‘ಆಂಗ್ರಿ ಬರ್ಡ್ಸ್’ನ ಹಕ್ಕಿಗಳಿಗೆ ಕಾಲೂ ಇರಲಿಲ್ಲ, ಕಾಣುವಂಥ ರೆಕ್ಕೆಯೂ ಇರಲಿಲ್ಲ. ವಿನ್ಯಾಸಕಾರ ಯಾಕ್ಕೊ ಈಸಾಲೊ ಬರೆದದ್ದು ದುಂಡಗಿನ ಮೈ, ದಪ್ಪ ಹುಬ್ಬು, ಕೊಕ್ಕು, ಅಷ್ಟೇ. ಆ ಹುಬ್ಬು ಜಗತ್ತಿನ ಯಾವ ಮೂಲೆಯ ಮಗುವಿಗೂ ಅರ್ಥವಾಯಿತು.

ಗೆರೆಯ ಮಿತವ್ಯಯಕ್ಕೆ ಉಡುಪಿಯಲ್ಲೇ ದೊಡ್ಡ ಗುರುವೊಬ್ಬರಿದ್ದರು. ಇಲ್ಲಿಗೆ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳಲ್ಲಿ ನರ್ತಕಿಯ ಸೊಂಟದ ಇಡೀ ತಿರುವು ಒಂದೆರಡು ಗೆರೆಯಲ್ಲಿ ಮುಗಿದಿರುತ್ತದೆ. ಪಾತ್ರದ ಭಂಗಿ ಕಲಿಯುವವರಿಗೆ ಯಾವ ಆನ್‌ಲೈನ್ ಪಾಠಕ್ಕೂ ಅವು ಕಡಿಮೆಯಲ್ಲ.

ಮುಖಕ್ಕಿಂತ ಬೆನ್ನು ಮುಖ್ಯ

ಪಾತ್ರ ಹೇಗಿರಬೇಕು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಕ್ಯಾಮೆರಾ. ಓಡುವ, ಬೈಕು ಬಿಡುವ ಗೇಮುಗಳಲ್ಲಿ ನಮಗೆ ನಾಯಕನ ಮುಖ ಕಾಣುವುದು ಆರಂಭದಲ್ಲಿ ಒಮ್ಮೆ, ಸತ್ತಾಗ ಒಮ್ಮೆ. ಉಳಿದ ಹೊತ್ತೆಲ್ಲ ಬೆನ್ನೇ. 2011ರ ‘ಟೆಂಪಲ್ ರನ್’, 2012ರ ‘ಸಬ್‌ವೇ ಸರ್ಫರ್ಸ್’ ಆಡಿದವರು ನೆನಪಿಸಿಕೊಂಡರೆ ಸಾಕು. ಹಾಗಾಗಿ ಕಲಾವಿದರು ಬೆನ್ನಿಗೆ ಚೀಲ ಕಟ್ಟುತ್ತಾರೆ, ಟೋಪಿಗೆ ಎದ್ದು ಕಾಣುವ ಬಣ್ಣ ಬಳಿಯುತ್ತಾರೆ, ಹಾರಾಡುವ ಶಾಲು ಹೊದಿಸುತ್ತಾರೆ. ದುಡ್ಡು ಕೊಟ್ಟು ಸಿನಿಮಾ ತಾರೆಯ ಮುಖದ ಹಕ್ಕು ತಂದರೂ, ಆಟದ ನಡುವೆ ತಾರೆಯನ್ನು ಗುರುತಿಸುವಂತೆ ಮಾಡಬೇಕಾದದ್ದು ಅವನ ಬೆನ್ನು, ಹೆಗಲು, ಕೂರುವ ಗತ್ತು.

ಹೋಟೆಲ್ ಕಟ್ಟುವ, ತೋಟ ಬೆಳೆಸುವ ಗೇಮುಗಳಲ್ಲಿ ಕ್ಯಾಮೆರಾ ಮಾಳಿಗೆಯ ಮೇಲಿನಿಂದ ಓರೆಯಾಗಿ ನೋಡುತ್ತದೆ. ಐಸೊಮೆಟ್ರಿಕ್ ನೋಟ ಎನ್ನುತ್ತಾರೆ. ಇಲ್ಲಿ ನೆಲದ ಅಂಚಿನ ಗೆರೆ ಅಡ್ಡಕ್ಕೆ 2 ಚುಕ್ಕಿ ಸರಿದರೆ ಮೇಲಕ್ಕೆ 1 ಚುಕ್ಕಿ ಏರುತ್ತದೆ. ಕೋನ ಸುಮಾರು 26.5 ಡಿಗ್ರಿ. ಇಡೀ ಹೋಟೆಲಿನ ಮೇಜು, ಒಲೆ, ಹೂಕುಂಡ ಈ ಒಂದು ಓರೆಗೆ ಬದ್ಧ. ಒಬ್ಬ ಕಲಾವಿದ ಸ್ವಲ್ಪ ಹೆಚ್ಚು ವಾಲಿಸಿ ಕುರ್ಚಿ ಬರೆದರೆ ಅದು ನೆಲಕ್ಕೆ ಅಂಟದೆ ತೇಲುತ್ತದೆ. ದೂರ ಹೋದಂತೆ ವಸ್ತು ಚಿಕ್ಕದಾಗದ ನೋಟ ಇದು. ಅದಕ್ಕೇ ಒಂದೇ ಮೇಜನ್ನು ಕೋಣೆಯ ಯಾವ ಮೂಲೆಯಲ್ಲಿಟ್ಟರೂ ಮತ್ತೆ ಬರೆಯಬೇಕಿಲ್ಲ.

ಕಾಗದದಿಂದ ಫೋನಿಗೆ

ಕೆಲಸದ ಹರಿವು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮೊದಲು ಕಾನ್ಸೆಪ್ಟ್ ಕಲಾವಿದರು ಅಂಚೆಚೀಟಿಯಷ್ಟು ಚಿಕ್ಕ ಚಿತ್ರಗಳನ್ನು ರಾಶಿ ಹಾಕುತ್ತಾರೆ. ಆಯ್ದ ಒಂದನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ತೋರಿಸುವ ನಕ್ಷೆ ತಯಾರಾಗುತ್ತದೆ. ಮೂರು ಆಯಾಮದ ಗೇಮಾದರೆ ಮಾಡೆಲರ್ ಅದನ್ನು ಮಾಯಾ ಅಥವಾ ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ತ್ರಿಕೋನಗಳಿಂದ ಕಟ್ಟುತ್ತಾರೆ. ಮೈಯ ಮೇಲ್ಮೈಯನ್ನು ಬಿಚ್ಚಿ, ಹೊಲಿಗೆ ಬಿಚ್ಚಿದ ಅಂಗಿಯಂತೆ ಚಪ್ಪಟೆಯಾಗಿ ಹಾಸಿ ಬಣ್ಣ ಹಚ್ಚುತ್ತಾರೆ. ಆ ಬಣ್ಣದ ಹಾಳೆಯೇ ಟೆಕ್ಸ್ಚರ್. ಆಮೇಲೆ ಒಳಗೆ ಮೂಳೆ ಸೇರಿಸುವ ರಿಗ್ಗಿಂಗ್, ಮೂಳೆ ಆಡಿಸುವ ಆನಿಮೇಷನ್. ಕೊನೆಗೆ ಯೂನಿಟಿಯಂಥ ಎಂಜಿನ್ನಿಗೆ ಹಾಕಿ ಫೋನಿನಲ್ಲಿ ನೋಡುವುದು.

ಎರಡು ಆಯಾಮದ ಗೇಮುಗಳಲ್ಲಿ ಮೂಳೆಯ ಈ ಉಪಾಯ ಎಷ್ಟು ಉಳಿಸಿತು ಎಂಬುದಕ್ಕೆ ಸಣ್ಣ ಗುಣಾಕಾರ ಸಾಕು. ಒಬ್ಬ ಮಾಣಿ 8 ದಿಕ್ಕಿಗೆ ನಡೆಯಬೇಕು, ಪ್ರತಿ ದಿಕ್ಕಿಗೂ 12 ಚಿತ್ರ ಬೇಕು ಎಂದರೆ ಬರೀ ನಡಿಗೆಗೇ 96 ಚಿತ್ರ ಬರೆಯಬೇಕು. ಅದರ ಬದಲು ತಲೆ, ತೋಳು, ಕಾಲುಗಳನ್ನು ಬೇರೆ ಬೇರೆ ತುಂಡಾಗಿ ಬರೆದು ಕೀಲು ಜೋಡಿಸಿದರೆ ಅದೇ ತುಂಡುಗಳು ನಡಿಗೆಗೂ ಬಂದವು, ತಟ್ಟೆ ಹಿಡಿಯಲಿಕ್ಕೂ ಬಂದವು. ಬಲಕ್ಕೆ ನಡೆಯುವವನನ್ನು ಮಗುಚಿದರೆ ಎಡಕ್ಕೆ ನಡೆಯುತ್ತಾನೆ. ಹಾಗೆ ಮಗುಚಿದಾಗ ಜನಿವಾರವೋ ಸೆರಗೋ ತಪ್ಪು ಹೆಗಲಿಗೆ ಹೋಗಿಬಿಡುವುದುಂಟು. ಅದನ್ನು ಗಮನಿಸಲು ಊರ ಕಣ್ಣೇ ಬೇಕು.

ಕಾಲುಭಾಗ ಕಟ್ಟಿದರೆ ಇಡೀ ಬಸದಿ

ಪಾತ್ರ ಬರೆಯುವವರಿಗೆ ಹೆಸರು ಬರುತ್ತದೆ. ಪರಿಸರ ಬರೆಯುವವರಿಗೆ ಲೆಕ್ಕ ಬರಬೇಕಾಗುತ್ತದೆ. ಇದಕ್ಕೆ ಕಾರ್ಕಳದ ಚತುರ್ಮುಖ ಬಸದಿಗಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ.

1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಈ ಕಲ್ಲಿನ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಿಂದ ಒಳಹೊಕ್ಕರೂ ಎದುರಾಗುವುದು ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರು ವಿಗ್ರಹ. ಒಟ್ಟು 108 ಕಂಬ. ಇದನ್ನು ಗೇಮಿಗೆ ತರಬೇಕಾದ ಕಲಾವಿದ ಇಡೀ ಕಟ್ಟಡ ಕಟ್ಟಲು ಹೊರಡುವುದಿಲ್ಲ. ಕಾಲುಭಾಗ ಕಟ್ಟಿ, 90 ಡಿಗ್ರಿಯಂತೆ ತಿರುಗಿಸಿ ನಾಲ್ಕು ಸಲ ಕೂರಿಸುತ್ತಾನೆ. ಕಂಬಗಳಿಗೆ ಎರಡೋ ಮೂರೋ ಮಾದರಿ ಮಾಡಿಕೊಂಡರೆ ಉಳಿದವು ಅವುಗಳದೇ ಪ್ರತಿ. ಫೋನು ಒಂದು ಕಂಬದ ಆಕಾರವನ್ನು ಒಮ್ಮೆ ನೆನಪಿಟ್ಟುಕೊಂಡು ‘ಇಲ್ಲೊಂದು, ಅಲ್ಲೊಂದು’ ಎಂದು ನಿಲ್ಲಿಸುತ್ತ ಹೋಗುತ್ತದೆ. ಎಲ್ಲವೂ ಅಚ್ಚೊತ್ತಿದಂತೆ ಕಂಡರೆ ಕಣ್ಣು ಮೋಸ ಹಿಡಿದುಬಿಡುತ್ತದೆ. ಅದಕ್ಕೆ ಒಂದು ಕಂಬಕ್ಕೆ ಪಾಚಿ, ಇನ್ನೊಂದರ ಬುಡಕ್ಕೆ ಎಣ್ಣೆಜಿಡ್ಡಿನ ಕಲೆ.

ಬಸದಿಯೊಳಗಿನ ಮಬ್ಬಿಗೂ ಒಂದು ಉಪಾಯವಿದೆ. ನಾಲ್ಕು ಬಾಗಿಲಿನಿಂದ ಬರುವ ಬೆಳಕು ಕಲ್ಲಿಗೆ ತಾಗಿ ಎಲ್ಲೆಲ್ಲಿ ಚೆಲ್ಲುತ್ತದೆ ಎಂಬುದನ್ನು ಫೋನು ಕ್ಷಣಕ್ಷಣವೂ ಲೆಕ್ಕಹಾಕಿದರೆ ಬ್ಯಾಟರಿ ಉಳಿಯುವುದಿಲ್ಲ. ಆ ಲೆಕ್ಕವನ್ನು ಸ್ಟುಡಿಯೋದ ಕಂಪ್ಯೂಟರ್ ಒಮ್ಮೆ ಮಾಡಿ, ನೆರಳುಬೆಳಕನ್ನು ಗೋಡೆಗೇ ಬಳಿದಿಟ್ಟುಬಿಡುತ್ತದೆ. ಲೈಟ್ ಬೇಕ್ ಮಾಡುವುದು ಎಂದರೆ ಇದೇ. ಬಾಗಿಲು ಮುಚ್ಚಿ ತೆರೆಯುವಂತಿಲ್ಲ ಎಂಬುದು ಅದಕ್ಕೆ ತೆರುವ ಬೆಲೆ.

ಅಲ್ಲೇ ಎದುರಿನ ಬಂಡೆಯ ಮೇಲೆ ಗೊಮ್ಮಟ ನಿಂತಿದ್ದಾನೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ವಿಗ್ರಹ, ಎತ್ತರ 42 ಅಡಿ. ಫೋನಿನ ಪರದೆಗೆ 42 ಅಡಿಯೂ ಒಂದೇ, 4 ಅಡಿಯೂ ಒಂದೇ, ಎರಡೂ ಬೆರಳುದ್ದ. ದೊಡ್ಡದು ಎನ್ನಿಸಬೇಕಾದರೆ ನಮಗೆ ಅಳತೆ ಗೊತ್ತಿರುವ ವಸ್ತು ಪಕ್ಕದಲ್ಲಿರಬೇಕು. ಬಂಡೆಯಲ್ಲಿ ಕಡಿದ ಮೆಟ್ಟಿಲು, ಪಾದದ ಬಳಿ ಒಬ್ಬ ಮನುಷ್ಯ, ಕೆಳಗೆ ತೆಂಗಿನ ತಲೆಗಳು. ಕ್ಯಾಮೆರಾವನ್ನು ನೆಲಕ್ಕಿಳಿಸಿ ಮೇಲಕ್ಕೆ ನೋಡಿಸಬೇಕು. ಹಿಂದಿನ ಪಶ್ಚಿಮಘಟ್ಟದ ಸಾಲಿಗೆ ತೆಳು ನೀಲಿ ಬಳಿದರೆ ದೂರ ತಾನಾಗಿ ಹುಟ್ಟುತ್ತದೆ, ಆ ಬೆಟ್ಟಕ್ಕೆ ಮರ ಬರೆಯುವ ಕಷ್ಟವೂ ತಪ್ಪುತ್ತದೆ.

ಗೋಡೆ, ಮಾಡುಗಳಿಗೆ ಬೇಕಾದದ್ದು ಮರುಕಳಿಸುವ ಚೌಕಗಳು. ಮುರಕಲ್ಲಿನ ಗೋಡೆಯ ಒಂದು ಚೌಕವನ್ನು ಎಡದ ಅಂಚು ಬಲದ ಅಂಚಿಗೆ ಸೇರುವಂತೆ ಬರೆದರೆ ಎಷ್ಟು ಉದ್ದದ ಗೋಡೆಯನ್ನಾದರೂ ಹೊದಿಸಬಹುದು. ಮಂಗಳೂರು ಹೆಂಚಂತೂ ಹುಟ್ಟಿದ್ದೇ ಮರುಕಳಿಕೆಗಾಗಿ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಅದು ಒಂದೇ ಅಚ್ಚಿನ ವಸ್ತು. ಹಳೆಯ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳ ವಿವರ ಬೇಕಾದವರಿಗೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವಿದೆ. ವಿಜಯನಾಥ ಶೆಣೈ ಕಳಚಿ ತಂದು ಮತ್ತೆ ಜೋಡಿಸಿದ ಕುಂಜೂರು ಚೌಕಿ ಮನೆ, ದಖನಿ ನವಾಬ್ ಮಹಲುಗಳು ಅಲ್ಲಿ ಕೆಲವೇ ಹೆಜ್ಜೆಗಳ ಅಂತರದಲ್ಲಿವೆ. ಟೆಕ್ಸ್ಚರಿಗೆ ಫೋಟೊ ತೆಗೆಯುವವರು ಬಿಸಿಲಿಗೆ ಹೆದರುತ್ತಾರೆ. ಫೋಟೊದಲ್ಲಿ ಸೇರಿಕೊಂಡ ನೆರಳನ್ನು ಆಮೇಲೆ ತೆಗೆಯುವುದು ಕಷ್ಟ. ಅವರಿಗೆ ಒಗ್ಗುವುದು ಮೋಡದ ಮಂಕು ಬೆಳಕು. ಉಡುಪಿಯಲ್ಲಿ ಅದಕ್ಕೆ ಬರವಿಲ್ಲ, ಆದರೆ ಆ ತಿಂಗಳುಗಳಲ್ಲಿ ಕಲ್ಲು ಒಣಗಿರುವುದಿಲ್ಲ!

ಕಾಪುವಿನ ಸಮುದ್ರ ಎಷ್ಟು ಭಾರ?

ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭ ಪರಿಸರ ಕಲಾವಿದರಿಗೆ ಸುಲಭದ ತುತ್ತು. ಸುಮಾರು 27 ಮೀಟರಿನ ಆ ಗೋಪುರಕ್ಕೆ ಹನ್ನೆರಡು ಮುಖದ ಕೊಳವೆ ಸಾಕು. ದೂರದಿಂದ ದುಂಡಗೇ ಕಾಣುತ್ತದೆ. ಹತ್ತಿರ ಹೋಗುವ ದೃಶ್ಯವಿದ್ದರೆ ಹೆಚ್ಚು ಮುಖಗಳ ಇನ್ನೊಂದು ಮಾದರಿ ಇಟ್ಟುಕೊಂಡು, ಆಟಗಾರ ಸಮೀಪಿಸಿದಾಗ ಗುಟ್ಟಾಗಿ ಬದಲಿಸುತ್ತಾರೆ.

ಕಷ್ಟದ್ದು ಕೆಳಗಿನ ಸಮುದ್ರ. ಗೇಮು ಸೆಕೆಂಡಿಗೆ 30 ಸಲ ಇಡೀ ಪರದೆಯನ್ನು ಹೊಸದಾಗಿ ಬರೆಯಬೇಕು ಎಂದರೆ ಒಂದು ಸಲಕ್ಕೆ ಸಿಗುವುದು 33 ಮಿಲಿಸೆಕೆಂಡು. 60 ಸಲ ಬೇಕೆಂದರೆ 17ಕ್ಕಿಂತ ಕಡಿಮೆ. ಆ ಹೊತ್ತಿನಲ್ಲಿ ಅಲೆಯ ನಿಜವಾದ ಲೆಕ್ಕ ಸಾಗದು. ಹಾಗಾಗಿ ಮೊಬೈಲಿನ ಸಮುದ್ರ ಬಹಳ ಸಲ ಒಂದು ಚಪ್ಪಟೆ ಹಾಳೆ. ಅದರ ಮೇಲೆ ಅಲೆಯ ಎರಡು ಚಿತ್ರಗಳು ಬೇರೆ ಬೇರೆ ವೇಗದಲ್ಲಿ, ಬೇರೆ ದಿಕ್ಕಿಗೆ ಜಾರುತ್ತಿರುತ್ತವೆ. ಎರಡೂ ಕೂಡಿದಲ್ಲಿ ನೀರು ಮಿನುಗಿದಂತೆ ಕಾಣುತ್ತದೆ. ದಡದ ಅಂಚಿಗೆ ಹಿಂದೆ ಮುಂದೆ ಸರಿಯುವ ಬಿಳಿ ನೊರೆಯ ಪಟ್ಟಿ. ಅಷ್ಟು ಮಾಡಿ, ಅಲೆಯ ಸದ್ದು ಸೇರಿಸಿದರೆ ಮನಸ್ಸು ಉಳಿದದ್ದನ್ನು ತುಂಬಿಕೊಳ್ಳುತ್ತದೆ.

ಮಳೆ, ಹೊಗೆ, ತೆಂಗಿನ ಗರಿಗಳದು ಬೇರೆ ತಲೆನೋವು. ಪಾರದರ್ಶಕ ಚಿತ್ರಗಳು ಒಂದರ ಮೇಲೊಂದು ಬಂದಾಗ ಫೋನು ಅದೇ ಚುಕ್ಕಿಯನ್ನು ಮತ್ತೆ ಮತ್ತೆ ಬಳಿಯಬೇಕು. ಜಡಿಮಳೆಯ ದೃಶ್ಯದಲ್ಲಿ ಕೈಯಲ್ಲಿನ ಫೋನು ಬಿಸಿಯಾಗುವುದು ಇದರಿಂದಲೇ. ಬಿಸಿಯಾದ ಫೋನು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಆಟ ಎಡವುತ್ತದೆ, ಆಟಗಾರ ಗೇಮು ಅಳಿಸಿ ಹಾಕುತ್ತಾನೆ.

ಚಿತ್ರಗಳ ತೂಕವೂ ಕಡಿಮೆಯಲ್ಲ. ಅಗಲ ಉದ್ದ ಎರಡೂ 2048 ಚುಕ್ಕಿಯ ಒಂದು ಬಣ್ಣದ ಹಾಳೆ ಹಾಗೇ ತೆರೆದುಕೊಂಡರೆ ಫೋನಿನ ಮೆಮೊರಿಯಲ್ಲಿ 16 ಎಂಬಿ ನುಂಗುತ್ತದೆ. ಎಎಸ್‌ಟಿಸಿ ಎಂಬ ಸಂಕೋಚನ ವಿಧಾನದಲ್ಲಿ ಅದನ್ನೇ 4 ಎಂಬಿಗೆ, ಗುಣಮಟ್ಟ ಬಿಟ್ಟುಕೊಟ್ಟರೆ 1 ಎಂಬಿಗೆ ಇಳಿಸಬಹುದು. ಬಿಟ್ಟುಕೊಡುವುದು ಯಾವುದನ್ನು ಎಂಬ ಚೌಕಾಸಿಯೇ ಟೆಕ್ನಿಕಲ್ ಆರ್ಟಿಸ್ಟ್ ಎಂಬವರ ದಿನಚರಿ. ಆಕಾಶವನ್ನು ಮಸುಕಾಗಿಸಿದರೆ ಯಾರೂ ಗಮನಿಸುವುದಿಲ್ಲ. ನಾಯಕಿಯ ಕಣ್ಣನ್ನು ಮುಟ್ಟುವಂತಿಲ್ಲ. ಕಲಾವಿದರ ಮೇಜಿನ ದುಬಾರಿ ಮಾನಿಟರಿನಲ್ಲಿ ಸೊಗಸಾಗಿ ಕಂಡದ್ದನ್ನು ಕಡಿಮೆ ಬೆಲೆಯ ಫೋನಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಹಿಡಿದು ನೋಡದೆ ಒಪ್ಪುವ ಸ್ಟುಡಿಯೋ ಬಾಳುವುದಿಲ್ಲ. ಕೆಂಪು ಹಸಿರಿನ ಭೇದ ಕಾಣದ ಕೆಲವರಾದರೂ ಆಟಗಾರರಲ್ಲಿ ಇರುತ್ತಾರೆ. ಹಾಗಾಗಿ ಅಪಾಯವನ್ನು ಬರೀ ಬಣ್ಣದಿಂದ ಹೇಳದೆ ಆಕಾರದಿಂದಲೂ ಹೇಳಬೇಕು.

ದೈವಕ್ಕೆ ಬಟನ್ ಬೇಡ

ಇಷ್ಟೆಲ್ಲ ಸಾಮಗ್ರಿ ಸುತ್ತ ಇರುವಾಗ ಕರಾವಳಿಯ ಗೇಮು ಬರಲಿ ಎಂದು ಹಾರೈಸುವವರಿಗೆ ಮೊದಲು ಹೊಳೆಯುವುದು ಭೂತಕೋಲವೆಂಬ ದೈವಾರಾಧನೆ. ಬೆನ್ನಿಗೆ ಕಟ್ಟುವ ಅಣಿ, ಕಾಲಿನ ಗಗ್ಗರ, ಬೆಂಕಿ, ಬಣ್ಣ: ಪರದೆಗೆಂದೇ ಮಾಡಿದಂತಿದೆ. ಇಲ್ಲಿಯೇ ಕಲಾವಿದ ಕೈ ತಡೆಯಬೇಕು.

ತುಳುನಾಡಿನ ಮಂದಿಗೆ ಅದು ವೇಷವಲ್ಲ, ದೈವ. ‘ಕಾಂತಾರ’ ಸಿನಿಮಾ ಬಂದ ಮೇಲೆ ಅಲ್ಲಲ್ಲಿ ದೈವದ ಅನುಕರಣೆ ನಡೆದು ಭಕ್ತರು ನೊಂದುಕೊಂಡರು. 2025ರ ಅಕ್ಟೋಬರಿನಲ್ಲಿ ಅದರ ಮುಂದಿನ ಚಿತ್ರ ತೆರೆಕಂಡಾಗ ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ಸ್ವತಃ ‘ಅನುಕರಿಸಬೇಡಿ’ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳಬೇಕಾಯಿತು. ಸಿನಿಮಾದಲ್ಲಿ ಪ್ರೇಕ್ಷಕ ನೋಡುತ್ತಾನೆ, ಅಷ್ಟೆ. ಗೇಮಿನಲ್ಲಿ ಅವನು ಬಟನ್ ಒತ್ತಿ ಕುಣಿಸುತ್ತಾನೆ, ಸೋಲಿಸುತ್ತಾನೆ, ಬೇಸರವಾದರೆ ಅರ್ಧಕ್ಕೆ ನಿಲ್ಲಿಸಿ ಊಟಕ್ಕೆ ಹೋಗುತ್ತಾನೆ. 2009ರಲ್ಲಿ ಸೋನಿ ಪ್ಲೇಸ್ಟೇಷನ್ 2ಕ್ಕೆ ಬಂದ, ಭಾರತದಲ್ಲೇ ತಯಾರಾದ ‘ಹನುಮಾನ್: ಬಾಯ್ ವಾರಿಯರ್’ ವಿರುದ್ಧ ಎದ್ದ ಆಕ್ಷೇಪವೂ ಇದೇ ಆಗಿತ್ತು.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ: ಆನ್ ಏನ್ಷಿಯಂಟ್ ಎಪಿಕ್’ ಜಾಣತನದ ದಾರಿ ಹಿಡಿಯಿತು. ಅಲ್ಲಿ ಆಟಗಾರ ಆಡಿಸುವುದು ರಾಜಿ ಎಂಬ ಸಾಮಾನ್ಯ ಹುಡುಗಿಯನ್ನು. ದುರ್ಗೆ, ವಿಷ್ಣು ಕತೆ ಹೇಳುವ ದನಿಗಳಾಗಿ ಮೇಲಿರುತ್ತಾರೆ. ರಾಜಸ್ಥಾನದ ಕೋಟೆ ಅರಮನೆಗಳಿಂದ ಪ್ರೇರಣೆ ಪಡೆದ ಪರಿಸರವೇ ಆ ಗೇಮಿನ ನಿಜವಾದ ಬೆರಗು. ಕರಾವಳಿಯ ಕಲಾವಿದರು ಎತ್ತಿಕೊಳ್ಳಬೇಕಾದ ಮಾದರಿ ಇದು. ಮಲ್ಪೆಯ ದೋಣಿ, ಕಂಬಳದ ಕೆಸರು, ಕಾಪುವಿನ ಕೆಂಪುಕಲ್ಲಿನ ಹೊಸ ಮಾರಿಗುಡಿಯ ಬೀದಿ, ಕಾರ್ಕಳದ ಬಂಡೆ ಇವೆಲ್ಲ ಧಾರಾಳವಾಗಿ ಬರಲಿ. ದೈವದ ಮೈಗೆ ಬಟನ್ ಹಚ್ಚುವ ಅಗತ್ಯ ಯಾವ ಆಟಕ್ಕೂ ಇಲ್ಲ.

ಊರು ಬರದಿರಲು ಕಾರಣ

ಹಾಗಾದರೆ ಉಡುಪಿಯಲ್ಲಿ ಕೂತು ಶಿಕಾಗೋ ಏಕೆ ಬರೆದರು ಎಂಬ ಪ್ರಶ್ನೆಗೆ ಉತ್ತರ ಸರಳ: ಕೆಲಸ ಕೊಟ್ಟವರಿಗೆ ಬೇಕಾಗಿದ್ದು ಅದು. ಉಚಿತವಾಗಿ ಸಿಗುವ ಗೇಮಿನೊಳಗೆ ದುಡ್ಡು ಖರ್ಚು ಮಾಡುವ ಆಟಗಾರರು ಹೊರದೇಶಗಳಲ್ಲೇ ಹೆಚ್ಚು. ಅವರಿಗೆ ಪರಿಚಿತವಾಗಿ ಕಾಣುವ ಅಡುಗೆಮನೆ, ಬೀದಿ ಬರೆಯುವುದು ವ್ಯಾಪಾರದ ವಿವೇಕ. ರಾಜ್ಯದ ಗೇಮ್ ಕಲೆಯ ಚರಿತ್ರೆಯೂ ಬಹುಪಾಲು ಹೀಗೇ ಇದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಪರದೇಶದ ದೊಡ್ಡ ಗೇಮುಗಳಿಗೆ ಕಾರು, ಕಟ್ಟಡ ಮಾಡಿಕೊಟ್ಟೇ ಬೆಳೆಯಿತು. 2019ರಲ್ಲಿ ಅದನ್ನು ಕೊಂಡದ್ದು ‘ಗ್ರ್ಯಾಂಡ್ ಥೆಫ್ಟ್ ಆಟೊ’ ತಯಾರಿಸುವ ರಾಕ್‌ಸ್ಟಾರ್. ಪರರ ಊರು ಬರೆದು ಪಳಗಿದ ಕೈಗಳು ರಾಜ್ಯದಲ್ಲಿ ಸಾಕಷ್ಟಿವೆ. ತಮ್ಮ ಊರು ಬರೆಯಲು ಬೇಕಾದ ಬಂಡವಾಳ ಮಾತ್ರ ಅಪರೂಪ.

ಸರ್ಕಾರ ಸುಮ್ಮನೆ ಕೂತಿಲ್ಲ. ಆನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ 2012ರಲ್ಲಿ ಮೊದಲ ನೀತಿ ತಂದಿತು. 2024ರಿಂದ 2029ರ ಅವಧಿಗೆ ಹೊಸ ನೀತಿ ಜಾರಿಯಲ್ಲಿದೆ. ಇದರ ಫಲ ಬೆಂಗಳೂರಿನ ವರ್ತುಲ ರಸ್ತೆ ದಾಟಿ ಆಗುಂಬೆ, ಶಿರಾಡಿ ಘಾಟಿ ಇಳಿದು ಬಂದರೆ ಒಳ್ಳೆಯದು. ಕೇಳಿದ ಚಿತ್ರವನ್ನು ಕ್ಷಣದಲ್ಲಿ ಕೊಡುವ ಕೃತಕ ಬುದ್ಧಿಮತ್ತೆ ಬಂದ ಮೇಲೆ ಕಾನ್ಸೆಪ್ಟ್ ಕಲಾವಿದರಿಗೆ ಆತಂಕ ಶುರುವಾಗಿದೆ, ಅದು ಸಕಾರಣ. ಆದರೆ ಮುಂಡಾಸಿನ ಸುತ್ತು ತಪ್ಪಿದೆಯೇ, ಬಡಗಿನ ವೇಷಕ್ಕೆ ದಕ್ಷಿಣದ ತೆಂಕುತಿಟ್ಟಿನ ಕಿರೀಟ ಕೂತಿದೆಯೇ ಎಂದು ಹಿಡಿಯಲು ಯಕ್ಷಗಾನ ನೋಡಿ ಬೆಳೆದವರೇ ಬೇಕು.

ಮನೆಯಲ್ಲಿ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನೆಲ್ಲ ಚಿತ್ರದಿಂದ ತುಂಬಿಸುವ ಮಗ, ಮಗಳು ಇದ್ದರೆ ಹೆತ್ತವರಿಗೆ ಒಂದು ಮಾತು. ಈ ಕೆಲಸಕ್ಕೆ ಬೇಕಾದ ಬ್ಲೆಂಡರ್, ಕೃತಾ ತಂತ್ರಾಂಶಗಳು ಪೂರ್ತಿ ಉಚಿತ. ಸಾಧಾರಣ ಕಂಪ್ಯೂಟರಿನಲ್ಲಿ ಕಲಿಕೆ ಶುರುಮಾಡಬಹುದು. ಚಿತ್ರಕಲೆಯ ಬುನಾದಿಗೆ ಉಡುಪಿಯಲ್ಲಿ ಚಿತ್ರಕಲಾ ಮಂದಿರವಿದೆ, ಕಲ್ಲು ಮರಗಳಲ್ಲಿ ಆಕಾರ ಅರಿಯಲು ಕಾರ್ಕಳದ ಮಿಯಾರಿನಲ್ಲಿ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಿದೆ. ಸ್ಟುಡಿಯೋಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ಅಂಕಪಟ್ಟಿಗಿಂತ ಮೊದಲು ನೋಡುವುದು ಪೋರ್ಟ್‌ಫೋಲಿಯೊ. ಅದರಲ್ಲಿ ಅರ್ಧಕ್ಕೆ ಬಿಟ್ಟ ಇಪ್ಪತ್ತು ಚಿತ್ರಗಳಿಗಿಂತ, ನಿಮ್ಮದೇ ಮನೆಯ ಜಗಲಿಯನ್ನು ಪೂರ್ತಿ ಕಟ್ಟಿ, ಬೆಳಕು ಬಳಿದು, ಫೋನಿನಲ್ಲಿ ಓಡಿಸಿ ತೋರಿಸಿದ ಒಂದೇ ಒಂದು ದೃಶ್ಯಕ್ಕೆ ಹೆಚ್ಚು ಬೆಲೆ.